ಅತ್ತೆಯ ಸಂಕಷ್ಟಿಯೂ ಅಮೆರಿಕದ ಚಂದ್ರಯಾತ್ರೆಯೂ

ಮೊದಲೇ ಹೇಳಿಬಿಡುವುದು ಒಳ್ಳೆಯದು: ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನನ್ನ ನೆನಪಿನ ಮೇಲೆ ನನಗೇ ಅಷ್ಟು ಭರವಸೆಯಿಲ್ಲ. ಕಾಲೇಜಿನ ದಿನಗಳಿಂದ ಡೈರಿ ಬರೆಯುವ ಅಭ್ಯಾಸವೇನೋ ಇದೆ, ಆದರೆ ಬೇಕಾದ ದಿನದ ಪುಟ ತೆಗೆದರೆ ಅಲ್ಲಿ 'ಸೋನಾ ಮಸೂರಿ ಮುಗಿದಿದೆ, ತಲೆನೋವು' ಎಂದಷ್ಟೇ ಇರುತ್ತದೆ. ಮನುಷ್ಯರನ್ನು ಮತ್ತೆ ಚಂದ್ರನಿಗೆ ಕಳಿಸುವ ಯೋಜನೆಯನ್ನು ಅಮೆರಿಕ ಕೈಬಿಟ್ಟ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಏನೇನಾಯಿತು ಎಂದು ಮೊನ್ನೆ ಹುಡುಕಲು ಹೋದೆ. ಆ ಪುಟದಲ್ಲಿ ಅಡುಗೆಮನೆಯ ನಲ್ಲಿ ಸೋರುತ್ತಿರುವ ವಿಷಯ ಮಾತ್ರ ಇತ್ತು. ನಲ್ಲಿ ಈಗಲೂ ಸೋರುತ್ತಿದೆ. ಹಾಗಾಗಿ ಅದೊಂದನ್ನು ಮಾತ್ರ ಎದೆ ತಟ್ಟಿ ಹೇಳಬಲ್ಲೆ.

ಬೇರೆಯವರ ಮನೆಯ ನಲ್ಲಿ ಸೋರಿದರೆ ಸೋರಲಿ, ನಮ್ಮ ಮನೆಯದು ಸೋರಬಾರದು. ಏಕೆಂದರೆ ನಾನು ಕೆಲಸ ಮಾಡುವುದು ವಾಲ್ವ್ ತಯಾರಿಸುವ ಕಂಪನಿಯಲ್ಲಿ. ಚಂದ್ರನ ಕಡೆಗೆ ಮನುಷ್ಯರನ್ನು ಒಯ್ಯಬೇಕಾದ ವಾಹನದ ಯಾವುದೋ ಮೂಲೆಯಲ್ಲಿ ಅಂಗೈಯಗಲದ ನಮ್ಮದೊಂದು ವಾಲ್ವ್ ಇರುತ್ತದೆ. ಇರಬೇಕು ಎಂದು ಎಲ್ಲರ ಆಸೆ. ಅದನ್ನು ಮಾಡುವವಳು ನಾನಲ್ಲ. ಯಾವಾಗ ಮಾಡಿ ಮುಗಿಸಬೇಕು ಎಂದು ಶೆಡ್ಯೂಲ್ ಹಾಕುವವಳು. ಕಂಪ್ಯೂಟರಿನ ಪರದೆಯ ಮೇಲೆ ಒಂದೊಂದು ಕೆಲಸಕ್ಕೆ ಒಂದೊಂದರಂತೆ ಉದ್ದುದ್ದ ನೀಲಿ ಪಟ್ಟಿಗಳಿರುತ್ತವೆ; ಬಲಕ್ಕೆ ಹೋದಷ್ಟೂ ದಿನಾಂಕ ಮುಂದೆ. ಮೇಲಿನವರು ಫೋನ್ ಮಾಡಿ ಉಡಾವಣೆ ತಡವಾಗುತ್ತದೆ ಎಂದರೆ ನಾನು ಆ ಪಟ್ಟಿಗಳನ್ನೆಲ್ಲ ಒಂದೊಂದಾಗಿ ಬಲಕ್ಕೆ ಎಳೆಯುತ್ತೇನೆ. ಎಂಜಿನಿಯರಿಂಗ್ ಓದಿ, ಗ್ರೀನ್ ಕಾರ್ಡಿಗೆ ವರ್ಷಗಟ್ಟಲೆ ಕಾದು, ಅದು ಬಂದ ಮೇಲಷ್ಟೇ ಸಿಕ್ಕಿದ ಕೆಲಸ ಇದು. ಎಳೆದೆಳೆದು ಬಲಗೈಯ ಮಣಿಕಟ್ಟು ನೋಯುತ್ತದೆ. ಅದನ್ನು ತೋರಿಸಿಕೊಳ್ಳಲು ಡಾಕ್ಟರ ಬಳಿ ಪಡೆದ ಅಪಾಯಿಂಟ್‌ಮೆಂಟನ್ನೂ ಮುಂದಕ್ಕೆ ಹಾಕುತ್ತಲೇ ಬಂದಿದ್ದೇನೆ.

ದಿನಾಂಕ ಮಾತ್ರ ಬದಲಾಗುತ್ತಿದ್ದರೆ ಹೇಗೋ ಸಹಿಸಬಹುದಿತ್ತು. ಹೋಗುವ ಊರೇ ಬದಲಾಗುತ್ತಿತ್ತು. ಮೊದಲು ಚಂದ್ರ ಎಂದರು. ಆಮೇಲೆ ಚಂದ್ರ ಬೇಡ, ಕ್ಷುದ್ರಗ್ರಹಕ್ಕೆ ಹೋಗೋಣ ಎಂದರು. ಅಷ್ಟು ದೂರ ಯಾರು ಹೋಗುತ್ತಾರೆ, ಅಲ್ಲಿಂದ ಒಂದು ಬಂಡೆಯನ್ನೇ ಚಂದ್ರನ ಹತ್ತಿರ ಎಳೆದು ತಂದು ಅದನ್ನು ನೋಡಿಕೊಂಡು ಬರೋಣ ಎಂದರು. ಇದೆಲ್ಲ ಮಂಗಳಕ್ಕೆ ಹೋಗುವ ತಯಾರಿ ಎಂದು ನಡುನಡುವೆ ಸಮಾಧಾನ ಹೇಳಿದರು. ಕೊನೆಗೆ ಎಲ್ಲವನ್ನೂ ಬಿಟ್ಟು ಮತ್ತೆ ಚಂದ್ರ ಎಂದರು. ಸಂಸಾರ ಕಟ್ಟಿಕೊಂಡು ರಜೆಗೆ ಎಲ್ಲಿ ಹೋಗುವುದೆಂದು ಚರ್ಚಿಸಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ನಮ್ಮ ಕಂಪನಿಯಲ್ಲಿ ಪ್ರತಿ ಹೊಸ ಯೋಜನೆಗೂ ಹೊಸ ಕಾಫಿ ಮಗ್ ಹಂಚುವ ಪದ್ಧತಿ. ಚಂದ್ರನ ಮಗ್, ಬಂಡೆಯ ಮಗ್, ಕೆಂಪು ಗ್ರಹದ ಮಗ್, ಪುನಃ ಚಂದ್ರನ ಮಗ್. ನಮ್ಮ ಮನೆಯಲ್ಲಿ ಈಗ ಮಂಗಳದಲ್ಲಿ ಉದ್ದಿನಬೇಳೆ ಅಳೆಯುತ್ತೇವೆ, ಬಂಡೆಯಲ್ಲಿ ಕರಿಬೇವಿನ ಕಡ್ಡಿ ನಿಲ್ಲಿಸಿದ್ದೇವೆ.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ನಮ್ಮ ಜೊತೆಯಲ್ಲೇ ಇರುವ ನಮ್ಮತ್ತೆ, ಮೈಸೂರಿನವರು, ಈ ಚಂದ್ರನ ಮೇಲೆ ಒಂದು ಹರಕೆ ಹೊತ್ತುಬಿಟ್ಟಿದ್ದಾರೆ. ಮೊದಲನೆಯ ಸಲ ಯೋಜನೆ ನಿಂತಾಗ ನಮ್ಮ ಕಂಪನಿಯಲ್ಲಿ ಎಷ್ಟೋ ಜನರನ್ನು ಮನೆಗೆ ಕಳಿಸಿದರು. ನಾನು ಮುಖ ಸಣ್ಣ ಮಾಡಿಕೊಂಡು ಬಂದು ಸೋಫಾದಲ್ಲಿ ಕುಳಿತೆ. ಅತ್ತೆ ಕಾಫಿ ಕೊಟ್ಟರು, ದೇವರ ಮನೆಗೆ ಹೋದರು. ದೇವರ ಮನೆ ಎಂದರೆ ಅಡುಗೆ ಸಾಮಾನಿಡುವ ಪ್ಯಾಂಟ್ರಿಯ ಒಂದು ಕಪಾಟು. ಬಹಳ ಹೊತ್ತು ಅದರ ಮುಂದೆ ನಿಂತಿದ್ದರು, ಅಥವಾ ಹಾಗೆಂದು ನನ್ನ ನೆನಪು. ಮಾರನೆಯ ದಿನ ನನ್ನ ಗಂಡ ಶ್ರೀಧರ ಹೇಳಿದ: "ಅಮ್ಮ ಇನ್ಮೇಲೆ ಪ್ರತಿ ಸಂಕಷ್ಟಿ ಉಪವಾಸ ಮಾಡ್ತಾರಂತೆ. ನಿನ್ನ ರಾಕೆಟ್ ವಿಷಯಕ್ಕೆ." ಮನುಷ್ಯರು ಚಂದ್ರನ ಮೇಲೆ ಇಳಿಯುವವರೆಗೂ ಎಂದು ನಾವಿಬ್ಬರೂ ಅರ್ಥ ಮಾಡಿಕೊಂಡೆವು. ಹರಕೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾವೂ ಬಾಯಿಬಿಟ್ಟು ಕೇಳಲಿಲ್ಲ.

ಸಂಕಷ್ಟಿ ಗೊತ್ತಲ್ಲ, ಹುಣ್ಣಿಮೆಯಾದ ಮೇಲೆ ಬರುವ ಚೌತಿ. ಹಗಲೆಲ್ಲ ಉಪವಾಸವಿದ್ದು, ಗಣಪತಿಗೆ ಪೂಜೆ ಮಾಡಿ, ಚಂದ್ರನನ್ನು ಕಣ್ಣಾರೆ ನೋಡಿದ ಮೇಲೆ ಊಟ. ಈ ವ್ರತವನ್ನು ಏರ್ಪಡಿಸಿದವರು ಸಿಯಾಟಲ್ ಕಡೆ ಬಂದವರಲ್ಲ. ಇಲ್ಲಿ ಅಕ್ಟೋಬರಿನಲ್ಲಿ ಮುಚ್ಚಿದ ಮೋಡ ತೆರೆಯುವ ಹೊತ್ತಿಗೆ ಮಕ್ಕಳ ಶಾಲೆಯ ವರ್ಷವೇ ಮುಗಿಯುತ್ತ ಬಂದಿರುತ್ತದೆ. ಮೇಲಾಗಿ ಅತ್ತೆಗೆ ಸಕ್ಕರೆ ಕಾಯಿಲೆ. ಹಸಿದಿದ್ದರೆ ಸಕ್ಕರೆ ಇಳಿದು ಕೈ ನಡುಗುತ್ತದೆ. ಒಂದು ಸಂಕಷ್ಟಿಯ ದಿನ ಸಿಂಕಿನ ಮುಂದೆ ಕುಸಿದು ಕುಳಿತುಬಿಟ್ಟರು. ಇನ್ನು ಉಪವಾಸ ಕೂಡದು ಎಂದು ಡಾಕ್ಟರ್ ಖಡಾಖಂಡಿತವಾಗಿ ಹೇಳಿದರು. "ಆಯ್ತು ಡಾಕ್ಟ್ರೇ, ಚಂದ್ರನ ಕೆಲಸ ಒಂದು ಆಗೋಗ್ಲಿ, ನಿಲ್ಲಿಸ್ತೀನಿ" ಎಂದರು ಅತ್ತೆ. ಡಾಕ್ಟರ್ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಆಫೀಸಿನಲ್ಲಿ ನಾನು ಒಂದು ಪಟ್ಟಿಯನ್ನು ಬಲಕ್ಕೆ ಎಳೆದರೆ ಮನೆಯಲ್ಲಿ ಒಬ್ಬರು ಇನ್ನೊಂದು ವರ್ಷ ಹಸಿದಿರುತ್ತಾರೆ ಎಂದು ಯಾರಿಗೆ ವಿವರಿಸುವುದು?

ಬಿಡಿಸಲು ನಾನು ಪ್ರಯತ್ನಪಡಲಿಲ್ಲ ಎಂದಲ್ಲ. ಚಂದ್ರನ ಬದಲು ಕ್ಷುದ್ರಗ್ರಹ ಎಂದಾಗ ಖುಷಿಯಿಂದ ಓಡಿಬಂದೆ. "ಅತ್ತೆ, ಇನ್ನು ಚಂದ್ರನಿಗೆ ಹೋಗೋದೇ ಇಲ್ವಂತೆ. ನಿಮ್ಮ ಹರಕೆ ತಾನಾಗೇ ಬಿದ್ದುಹೋಯ್ತು." ಅವರು ಬೀನ್ಸ್ ಹೆಚ್ಚುತ್ತಾ, "ಮತ್ತೆಲ್ಲಿಗೆ ಹೋಗ್ತಾರೆ?" ಎಂದರು. ಬಂಡೆಯನ್ನು ಎಳೆದು ತರುವ ಕಥೆ ಹೇಳಿದೆ. "ಎಲ್ಲಿಗೆ ತರ್ತಾರೆ?" "ಚಂದ್ರನ ಹತ್ರ." "ಹಾಗಾದ್ರೆ ಚಂದ್ರನ ಹತ್ರನೇ ಆಯ್ತಲ್ಲೇ ವಸು," ಎಂದು ಬೀನ್ಸಿನ ನಾರು ತೆಗೆದರು. ಮುಗಿಯಿತು. ಮೈಸೂರಿನಲ್ಲಿರುವ ಅವರ ತಂಗಿ, ಕಮಲ ಚಿಕ್ಕಮ್ಮ, ಇನ್ನೊಂದು ಉಪಾಯ ಹೂಡಿದರು. ನಮ್ಮ ಸಂಜೆ ಅವರಿಗೆ ಬೆಳಿಗ್ಗೆ; ಆಗ ಚೌತಿಯ ಚಂದ್ರ ಪಡುವಣದಲ್ಲಿ ಇನ್ನೂ ಮಸುಕಾಗಿ ಇರುತ್ತಾನೆ. ತಾರಸಿ ಹತ್ತಿ ವಿಡಿಯೋ ಕಾಲ್‌ನಲ್ಲಿ ತೋರಿಸಿದರು. "ಅಕ್ಕಾ, ಇಗೋ ನೋಡು, ತೆಂಗಿನ ಗರಿ ಪಕ್ಕ. ನಮಸ್ಕಾರ ಹಾಕಿ ಊಟ ಮಾಡು." ಅತ್ತೆ ಕನ್ನಡಕ ಸರಿ ಮಾಡಿಕೊಂಡು ನೋಡಿದರು. "ಅದು ನಾಳೆ ಚಂದ್ರ ಕಣೇ ಕಮಲೀ. ನಿಮಗೆ ಆಗ್ಲೇ ಬೆಳಗಾಗಿದೆ. ನಂಗೆ ಇವತ್ತಿಂದು ಬೇಕು." ಎರಡೂ ಒಂದೇ ಚಂದ್ರ ಎಂದು ಶ್ರೀಧರ ಟೇಬಲ್ ಮೇಲೆ ಕಿತ್ತಳೆ, ನಿಂಬೆಹಣ್ಣು ಇಟ್ಟು ವಿವರಿಸಿದ. ಅತ್ತೆ ಎಲ್ಲವನ್ನೂ ಕೇಳಿ, ನಿಂಬೆಹಣ್ಣನ್ನು ಫ್ರಿಜ್ಜಿಗೆ ಹಾಕಿದರು.

ಇಷ್ಟರಲ್ಲಿ ಇಲ್ಲಿನ ಕನ್ನಡದ ಹೆಂಗಸರು ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದರು. ಸಂಕಷ್ಟಿಯ ಸಂಜೆ ಯಾರ ಊರಿನಲ್ಲಿ ಮೋಡ ಹರಿದು ಚಂದ್ರ ಕಂಡರೂ ತಕ್ಷಣ ತಿಳಿಸಬೇಕು. ಮಿಕ್ಕವರು ಕಾರು ಹತ್ತಬೇಕು. ಈ ವರ್ಷ, ಮನುಷ್ಯರನ್ನು ಐದೇ ವರ್ಷದಲ್ಲಿ ಚಂದ್ರನ ಮೇಲೆ ಇಳಿಸುತ್ತೇವೆಂದು ಸರ್ಕಾರ ದಿಢೀರನೆ ದಿನಾಂಕವನ್ನು ಹಿಂದಕ್ಕೆ ತಂದಿತ್ತು. ಹೊಸ ಶೆಡ್ಯೂಲ್ ನನ್ನ ಮೇಜಿಗೆ ಬಂದದ್ದು ಅಕ್ಟೋಬರಿನಲ್ಲಿ, ಸರಿಯಾಗಿ ಸಂಕಷ್ಟಿಯ ದಿನವೇ ಎಂದು ನೆನಪು. ಎಂದೂ ಎಳೆಯದ ದಿಕ್ಕಿಗೆ, ಎಡಕ್ಕೆ, ಪಟ್ಟಿಗಳನ್ನು ಎಳೆದು ಸಾಕಾಗಿ ಸಿಯಾಟಲ್ ಪಕ್ಕದ ನ್ಯೂಕ್ಯಾಸಲ್‌ನ ನಮ್ಮ ಮನೆಗೆ ಬಂದರೆ ಅತ್ತೆ ಕಡುಬಿನ ಡಬ್ಬಿ ಹಿಡಿದು ಕೋಟು ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು. "ಕೆನ್ಮೋರ್‌ನಲ್ಲಿ ಕಾಣಿಸ್ತಿದೆಯಂತೆ, ನಡಿ ನಡಿ." ಶ್ರೀಧರ ಊರಲ್ಲಿರಲಿಲ್ಲ. ಮಗಳು ಇಳಾಳನ್ನು ಹಿಂದಿನ ಸೀಟಿಗೆ ಹಾಕಿಕೊಂಡು, ಅರ್ಧ ಗಂಟೆ ದೂರದ ಆ ಊರಿಗೆ ಹೊರಟೆ.

ಹೆದ್ದಾರಿಯಲ್ಲಿ ಕಾರುಗಳು ತೆವಳುತ್ತಿದ್ದವು. ದಾರಿಯ ನಡುವಿನ ಟೋಟೆಮ್ ಲೇಕ್ ಹತ್ತಿರ ಬರುವಷ್ಟರಲ್ಲಿ ಇಳಾ ಫೋನ್ ನೋಡಿ ವರದಿ ಕೊಟ್ಟಳು: "ಅಮ್ಮಾ, ಕೆನ್ಮೋರ್ ಈಸ್ ಕ್ಲೌಡಿ ನೌ." ಅಲ್ಲೇ ಅಂಗಡಿಯೊಂದರ ಪಾರ್ಕಿಂಗಿಗೆ ನುಗ್ಗಿದೆ. ಮೂವರೂ ಇಳಿದು ಕತ್ತೆತ್ತಿ ನೋಡಿದೆವು. ಮೇಲೆ ಬೂದಿ ಬಣ್ಣದ ರಗ್ಗು. ಅತ್ತೆಯ ಕೈಯಲ್ಲಿ ಡಬ್ಬಿಯ ಮುಚ್ಚಳ ಟಕಟಕ ಎನ್ನುತ್ತಿತ್ತು. "ಅತ್ತೆ, ದಮ್ಮಯ್ಯ ಅಂತೀನಿ, ಒಂದು ಕಡುಬು ತಿನ್ನಿ." "ಚಂದ್ರ?" "ಅಜ್ಜಿ, ದ ಮೂನ್ ಈಸ್ ದೇರ್. ಯು ಜಸ್ಟ್ ಕಾಂಟ್ ಸೀ ಇಟ್," ಎಂದಳು ಇಳಾ. "ಹೌದು ಪುಟ್ಟಿ, ನಿಮ್ಮಮ್ಮನ ರಾಕೆಟ್ಟೂ ಹಾಗೇ. ಇದೆ, ಕಾಣ್ಸಲ್ಲ ಅಷ್ಟೇ," ಎಂದರು ಅತ್ತೆ. ಅಷ್ಟರಲ್ಲಿ ಫೋನ್ ಟಿಂಗ್ ಎಂದಿತು. ನಮ್ಮ ಪಕ್ಕದ ಮನೆಯಾಕೆ ಗುಂಪಿಗೆ ಫೋಟೋ ಹಾಕಿದ್ದರು. ತುಂಬಿದ ಮುಖದ ಚಂದ್ರ. ಕೆಳಗೆ ನಮ್ಮದೇ ಮನೆಯ ಸೂರು, ನಾನು ಆರಿಸಲು ಮರೆತಿದ್ದ ನಮ್ಮದೇ ವರಾಂಡದ ದೀಪ.

ಬಂದ ದಾರಿಗೇ ತಿರುಗಿದೆವು. ಮತ್ತೆ ಅದೇ ಹೆದ್ದಾರಿ, ಅದೇ ತೆವಳಾಟ. ಅತ್ತೆ ಸೀಟಿಗೆ ಒರಗಿ ಕಣ್ಣು ಮುಚ್ಚಿದ್ದರು. ನನಗೆ ಹೆದರಿಕೆಯಾಯಿತು. ಏನಾದರೂ ಒಳ್ಳೆಯದು ಹೇಳಿ ಅವರನ್ನು ಮಾತಿಗೆ ಎಳೆಯಬೇಕೆಂದು, "ಅತ್ತೆ, ಒಂದು ಸಿಹಿ ಸುದ್ದಿ. ಐದೇ ವರ್ಷದಲ್ಲಿ ಚಂದ್ರನ ಮೇಲೆ ಇಳೀತಾರಂತೆ. ಅಲ್ಲಿಗೆ ನಿಮ್ಮ ಉಪವಾಸ ಮುಗೀತು" ಎಂದೆ. ಐದು ವರ್ಷದಲ್ಲಿ ಆಗುವುದಿಲ್ಲ ಎಂದು ಆ ಪಟ್ಟಿಗಳನ್ನು ಎಳೆದ ನನಗೆ ಗೊತ್ತಿತ್ತು, ಅದನ್ನು ಬಾಯಿಬಿಡಲಿಲ್ಲ.

ಅತ್ತೆ ಕಣ್ಣು ಬಿಟ್ಟರು. ಸಂತೋಷ ಕಾಣಲಿಲ್ಲ. ಗಾಬರಿಯಾದಂತಿತ್ತು. "ಅಷ್ಟು ಬೇಗನಾ? ಅಯ್ಯೋ, ಅವರು ಹೋಗಿ ಇಳಿದುಬಿಟ್ರೆ ಆಮೇಲೆ ನಿನಗೇನೇ ಕೆಲಸ?"

ಹಿಂದಿನ ಕಾರಿನವನು ಹಾರ್ನ್ ಒತ್ತಿದ. ಮುಂದಿನ ಕಾರು ಯಾವಾಗಲೋ ಹೊರಟುಹೋಗಿತ್ತು. ಇಷ್ಟು ವರ್ಷ ಮೀಟಿಂಗುಗಳಲ್ಲಿ ಕುಳಿತು ಈ ಯಾತ್ರೆ ಏಕೆ ತಡವಾಗುತ್ತಿದೆ ಎಂದು ಚರ್ಚಿಸಿದ್ದೇವೆ. ಹಣ ಸಾಲದು ಎಂದವರಿದ್ದಾರೆ, ಎಂಜಿನ್ ಸಿದ್ಧವಿಲ್ಲ ಎಂದವರಿದ್ದಾರೆ, ರಾಜಕೀಯ ಎಂದು ಕೈಚೆಲ್ಲಿದವರಿದ್ದಾರೆ. ನ್ಯೂಕ್ಯಾಸಲ್‌ನ ಒಂದು ಪ್ಯಾಂಟ್ರಿಯ ಕಡೆ ಯಾರೂ ಬೆರಳು ತೋರಿಸಿರಲಿಲ್ಲ. ಸುತ್ತಲಿನವರ ಕೆಲಸ ಹೋಯಿತು, ನನ್ನದು ಹೋಗಲಿಲ್ಲ. ಹೋಗುವ ಊರು ಬದಲಾಯಿತು, ದಿನಾಂಕ ಬದಲಾಯಿತು. ಬದಲಾದಾಗಲೆಲ್ಲ ಹೊಸ ಶೆಡ್ಯೂಲ್ ಬೇಕು, ಶೆಡ್ಯೂಲಿಗೆ ನಾನು ಬೇಕು. ತಡವಾದಷ್ಟೂ ನನ್ನ ಅನ್ನ ಗಟ್ಟಿಯಾಗುತ್ತಿತ್ತು. ಅತ್ತೆಯನ್ನು ಹೇಗಾದರೂ ಉಣ್ಣಿಸಬೇಕೆಂದು ಒದ್ದಾಡಿದ ನಾನು, ಅವರು ಯಾರಿಗಾಗಿ ಹಸಿದಿದ್ದಾರೆಂದು ಒಮ್ಮೆಯೂ ವಿಚಾರಿಸಿರಲಿಲ್ಲ.

ಮನೆ ತಲುಪುವಷ್ಟರಲ್ಲಿ ಮೋಡ ಮುಚ್ಚಿತ್ತು. ಹರಕೆಯ ವಿಷಯ ಅಲ್ಲೇ ಕಾರಿನಲ್ಲಿ ಕೇಳಿಬಿಟ್ಟೆ. ಅತ್ತೆ ಡಬ್ಬಿಯನ್ನು ಮಡಿಲಿಗೆ ಒತ್ತಿಕೊಂಡು, "ಮೊದ್ಲು ಚಂದ್ರ ಕಾಣ್ಲಿ, ಆಮೇಲೆ ಹೇಳ್ತೀನಿ" ಎಂದರು. ಅಂದು ಎಷ್ಟು ಕಾದರೂ ಕಾಣಲಿಲ್ಲ. ನಾನು ಅತ್ತು ಕರೆದ ಮೇಲೆ ಫೋಟೋಗೆ ಕೈಮುಗಿದು ಒಂದು ಕಡುಬು ತಿಂದರು. ಫೋಟೋ ನೋಡಿದ್ದು ಊಟಕ್ಕೆ ಆಯಿತು, ಉತ್ತರಕ್ಕಲ್ಲ ಎಂದರು. ಆಮೇಲಿನ ಸಂಕಷ್ಟಿಗೂ ಮೋಡ. ತಡವನ್ನೇ ನಂಬಿ ಬದುಕುವವಳು ಇದಕ್ಕೆ ಅವಸರ ಮಾಡುವುದು ನ್ಯಾಯವಲ್ಲ, ಗೊತ್ತು. ಆದರೂ ಸೋಮವಾರ ಬೆಳಿಗ್ಗೆ ಪಟ್ಟಿಗಳ ಮುಂದೆ ಕುಳಿತಾಗ ಅದೇ ಪ್ರಶ್ನೆ ಬಾಯಿಗೆ ಬರುತ್ತದೆ:

"ಅತ್ತೆ, ನಿಜ ಹೇಳಿ. ನೀವು ಹರಕೆ ಹೊತ್ತಿದ್ದು ಅವರು ಚಂದ್ರನಿಗೆ ಹೋಗ್ಲಿ ಅಂತಲಾ, ಹೋಗದೇ ಇರ್ಲಿ ಅಂತಲಾ?"