ಗುಮಾಸ್ತರ ಕಾಗದ ಎಲ್ಲಿ ಬಿತ್ತು?

ಕಂಪ್ಯೂಟರಿನ ಇಂಥ ಫಜೀತಿಗಳು ನಮ್ಮಲ್ಲಿ ವಾರಕ್ಕೊಂದಾದರೂ ನಡೆಯುತ್ತಿದ್ದವು. ನಗಬಾರದೆಂದು ನಾನು ತುಟಿ ಕಚ್ಚಿ ಕೂಡುತ್ತಿದ್ದೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ವಾಡಿ ಹತ್ತಿರದ ಒಂದು ಕಾರ್ಖಾನೆಯ ಕಚೇರಿಯಲ್ಲಿ ನನ್ನದು ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ. ಎಲ್ಲರಿಗೂ ಸೇರಿ ಎರಡೇ ಪ್ರಿಂಟರ್, ಒಂದು ನಮ್ಮ ಹಾಲ್‌ನಲ್ಲಿ, ಇನ್ನೊಂದು ಮ್ಯಾನೇಜರ್ ಕೋಣೆಯಲ್ಲಿ. ಪ್ರಿಂಟ್ ಬೇಕೆಂದರೆ ಮೊದಲು ಪ್ರಿಂಟರಿನ ನಂಬರ್ ಕೊಡಬೇಕು, ಆಮೇಲೆ ‘ಪುಟ್’ ಎಂದು ಫೈಲಿನ ಹೆಸರು ಟೈಪ್ ಮಾಡಬೇಕು.

೧. ಶ್ರೀಕಾರ

ನಮ್ಮ ಹಿರಿಯ ಗುಮಾಸ್ತರು ಸೇಡಂ ಕಡೆಯವರು, ಗುಡಿ ಪೂಜೆಯ ಮನೆತನ. ನಾನು ಹೇಳಿಕೊಟ್ಟದ್ದನ್ನು ವಹಿಯಲ್ಲಿ ಬರೆದುಕೊಂಡರು, ಎಲ್ಲಕ್ಕಿಂತ ಮೇಲೆ ‘ಶ್ರೀ’ ಹಾಕಿ. ಅಂದಿನಿಂದ ದಿನವೂ ಮೊದಲು ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವರು. ಇಂಥ ಆಜ್ಞೆ ಇಲ್ಲವೆಂದು ಕಂಪ್ಯೂಟರ್ ತಕರಾರು ತೆಗೆಯುವುದು. ಅದೊಂದು ಸಾಲು ಬಿಡಿ ಎಂದೆ.

“ಅದಕ್ಕ ತಿಳೀಲಿಲ್ಲಂದ್ರ ಅದರ ಹಣೇಬಾರ. ನಾವ್ಯಾಕ ಬಿಡಬೇಕ್ರಿ?”

೨. ವಾಪಸಿ

ಒಮ್ಮೆ ತಪ್ಪಿರುವ ಪತ್ರ ಪ್ರಿಂಟಾಗಿಹೋಯಿತು. ಕಳಿಸಲು ‘ಪುಟ್’, ತರಿಸಲು ‘ಗೆಟ್’ ಎಂದು ನಾನೇ ಹೇಳಿದ್ದೆ. ಪತ್ರವನ್ನು ವಾಪಸು ಕರೆಸಲು ಗುಮಾಸ್ತರು ‘ಗೆಟ್’ ಹೊಡೆದರು. ಅಂಥ ಫೈಲೇ ಇಲ್ಲವೆಂಬ ಉತ್ತರ ಬಂತು. ಪತ್ರ ಹಿಡಿದು ನನ್ನ ಮುಂದೆ ನಿಂತರು.

“ಕಾಗದ ನನ್ನ ಕೈಯಾಗ ಅದ, ಫೈಲು ಬಂದೇ ಇಲ್ಲ ಅಂತದ. ಇದಕ್ಕ ಸರ್ಕಾರಿ ನೌಕರಿ ಸಿಗಬೇಕಿತ್ತು ನೋಡ್ರಿ.”

೩. ಪಟ್ಟಿ

ಗುಮಾಸ್ತರ ಮಗಳ ಲಗ್ನ ಗೊತ್ತಾಯಿತು. ಹದಿನೈದು ದಿನ ರಜೆ ಬೇಕು. ಅರ್ಜಿ ಮ್ಯಾನೇಜರ್ ಟೇಬಲ್ಲಿನ ಮೇಲೆ ಸಹಿಯಿಲ್ಲದೆ ಬಿದ್ದಿತ್ತು. ಹೆಣ್ಣು ಹೆತ್ತವರು, ಜೀವ ಕೈಯಲ್ಲಿ ಹಿಡಿದು ಕೂತಿದ್ದರು. ಈ ನಡುವೆ ಲಗ್ನಕ್ಕೆ ಕರೆಯುವವರ ಪಟ್ಟಿ ಟೈಪ್ ಮಾಡಿ ಪ್ರಿಂಟರಿಗೆ ಕಳಿಸಿದರು. ಹೋಯಿತೆಂದು ಕಂಪ್ಯೂಟರ್ ಹೇಳಿತು, ಕಾಗದ ಮಾತ್ರ ಬರಲಿಲ್ಲ. ಮತ್ತೆ ಕಳಿಸಿದರು. ಎಂಟು ಸಲವಾದ ಮೇಲೆ ನನ್ನನ್ನು ಕರೆದರು. ನೋಡಿದರೆ, ಕೊಟ್ಟದ್ದು ಮ್ಯಾನೇಜರ್ ಕೋಣೆಯ ಪ್ರಿಂಟರಿನ ನಂಬರು.

ಅವರ ಮುಖ ಬಿಳಿಚಿತು. “ಪಟ್ಟ್ಯಾಗ ಸಾಹೇಬ್ರ ಹೆಸರು ಹಾಕಿಲ್ರಿ,” ಅಂದರು. ದೊಡ್ಡವರನ್ನು ಮನೆಗೇ ಹೋಗಿ ಅಕ್ಷತೆ ಕೊಟ್ಟು ಕರೆಯಬೇಕೆಂದು ಪಟ್ಟಿಯಲ್ಲಿ ಹೆಸರು ಬಿಟ್ಟಿದ್ದರಂತೆ. ಆ ಹೊತ್ತು ನನಗೂ ನಗು ಬರಲಿಲ್ಲ, ಪಾಪ ಅನಿಸಿತು.

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಇಬ್ಬರೂ ಹೋದೆವು. ಎಂಟೂ ಪ್ರತಿ ಟೇಬಲ್ಲಿನ ಮೇಲೆ ಸಾಲಾಗಿದ್ದವು. ಗುಮಾಸ್ತರು ಕೈಮುಗಿದು ನಿಂತರು. ಮ್ಯಾನೇಜರ್ ಚಿತ್ತಾಪುರದವರು, ಮೆತ್ತಗಿನ ಮನುಷ್ಯ. ರಜೆ ಅರ್ಜಿ ಎಳೆದುಕೊಂಡು ಸಹಿ ಹಾಕಿ, ಕನ್ನಡಕ ತೆಗೆದಿಟ್ಟರು.

“ಎಂಟೂ ಓದೀನ್ರಿ. ಒಂದ್ರಾಗರ ನನ್ನ ಹೆಸರು ಇದ್ದೀತು ಅಂತ.”