ತಾಳ ಕೇಳಿಸದ ಪೆಟ್ಟಿಗೆ

ಬೆಳಿಗ್ಗೆ ದೀಪ ಹಚ್ಚಿದ ಮೇಲೆ ದೇವರ ಹತ್ತಿರ ಬೇಡುವ ಅಭ್ಯಾಸ ನನಗಿಲ್ಲ. ನಾನು ಬೇಡಿದ್ದೆಲ್ಲ ಪಕ್ಕದ ಮನೆಗೆ ಹೋಗಿ ಇಳಿದದ್ದನ್ನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಕೊಟ್ಟದ್ದನ್ನು ಮಾತ್ರ ನೆನೆಯುತ್ತೇನೆ. ನಳಕ್ಕೆ ನೀರು ಬಂತು, ಹಾಲು ಒಡೆಯಲಿಲ್ಲ, ಮೊಣಕಾಲು ಬಗ್ಗಿತು. ಇಂಥ ಸಣ್ಣಪುಟ್ಟ ಕೃಪೆಗಳ ನಡುವೆ ಒಂದೇ ಒಂದು ದೊಡ್ಡದಿತ್ತು: ನನ್ನ ಗಂಡ ಎದುರು ಮಾತಾಡುವವರಲ್ಲ. ನಾನು ಒಲೆಯ ಮುಂದೆ ನಿಂತು ಅವರ ತಮ್ಮನ ಬಗ್ಗೆ, ತಂಗಿಯ ಬಗ್ಗೆ, ಹಾಸಿಗೆಯ ಮೇಲೆ ಬಿಸಾಡಿದ ಒದ್ದೆ ಟವೆಲ್ಲಿನ ಬಗ್ಗೆ ಗೊಣಗಿದರೂ ಅವರು ಮುಖದ ಗೆರೆ ಅಲುಗಿಸದೆ ಭಕ್ಕರಿ ಮುರಿದುಕೊಂಡು ಉಣ್ಣುತ್ತಿದ್ದರು. “ನಿಮ್ಮವರು ಸಂತರು ಬಿಡ್ರಿ, ವೈನಿ” ಎಂದು ಚಾಳಿನ ಹೆಂಗಸರು ಹೊಟ್ಟೆ ಉರಿದುಕೊಳ್ಳುತ್ತಿದ್ದರು. ನಾನೂ ನಂಬಿಕೊಂಡು ದಿನಾ ಅದಕ್ಕೊಂದು ಹೂವು ಹೆಚ್ಚಿಗೆ ಏರಿಸುತ್ತಿದ್ದೆ. ಆ ಹೂವಿನ ಖರ್ಚನ್ನು ಒಂದು ಹಾಡಿನ ಪೆಟ್ಟಿಗೆ ಉಳಿಸಿತು.

ನಾವಿದ್ದದ್ದು ದಾಂಡೇಲಿಯಲ್ಲಿ, ಕಟ್ಟಿಗೆ ಕೊಯ್ಯುವ ಒಂದು ಮಿಲ್ಲಿನ ಹಿಂದಿನ ಸಾಲುಮನೆಗಳ ಚಾಳಿನಲ್ಲಿ. ನಮ್ಮವರು ಅಲ್ಲಿ ಗರಗಸದ ಮಿಷನ್ನಿನ ಮೇಲೆ. ಚಾಳಿನವರೆಲ್ಲ ಒಬ್ಬರಿಗೊಬ್ಬರು ಒದರಿಯೇ ಮಾತಾಡುವುದು. ಹೊಸಬರು ಜಗಳ ಎಂದುಕೊಂಡು ಬಿಡಿಸಲು ಬಂದದ್ದೂ ಉಂಟು. ಶನಿವಾರ ಮಾತ್ರ ಈ ಒದರಾಟ ಮಾರುತಿ ಗುಡಿಯ ಭಜನೆಯಾಗಿ ತಿರುಗುತ್ತಿತ್ತು. ಅಲ್ಲಿ ತಾಳ ಹಿಡಿಯುವವರು ನಮ್ಮವರು. ಮನೆಯಲ್ಲಿ ಯಾವ ಅಧಿಕಾರವನ್ನೂ ಬಯಸದ ಮನುಷ್ಯ, ಅಂಗೈಯಗಲದ ಆ ಎರಡು ಕಂಚಿನ ಬಟ್ಟಲು ಕೈಗೆ ಬಂದರೆ ಊರಿಗೇ ಯಜಮಾನ. ಇತ್ತೀಚೆಗೆ ಯಾಕೋ ಭಜನೆಯ ಹಿರಿಯರು ಅವರಿಗೆ ಪ್ರಸಾದ ಹಂಚುವ ಕೆಲಸ ಹಚ್ಚುತ್ತಿದ್ದರು. “ಈಗಿನ ಮಂದೀಗಿ ತಾಳದ ಕಿಮ್ಮತ್ತ ಗೊತ್ತಿಲ್ಲ” ಎಂದು ಇವರು ಮನೆಗೆ ಬಂದು ಮಲಗಿಬಿಡುತ್ತಿದ್ದರು.

ಅದೇ ಹೊತ್ತಿಗೆ ನಮ್ಮ ಹಳೆಯ ಟೇಪ್‌ರೆಕಾರ್ಡರು ನನ್ನ ವಿಠ್ಠಲನ ಭಜನೆಯ ಕ್ಯಾಸೆಟ್ಟನ್ನು ಶಾವಿಗೆಯಂತೆ ಎಳೆದು ನುಂಗಿತು. ಹಳಿಯಾಳದ ಅಂಗಡಿಯವರೊಬ್ಬರ ಬಳಿ ಹೊಸ ಸೆಟ್ಟು ಬಂದಿತ್ತು. ರೇಡಿಯೋ, ಕ್ಯಾಸೆಟ್ಟು, ಸೀಡಿ, ಎರಡೂ ಕಡೆಯ ಸ್ಪೀಕರು, ಎಲ್ಲ ಒಂದೇ ಉದ್ದನೆಯ ಪೆಟ್ಟಿಗೆಯಲ್ಲಿ. ದೇವರ ಗೂಡಿನ ಕೆಳಗಿನ ಹಲಗೆಗೆ ಅಳತೆ ತೆಗೆದು ಮಾಡಿದಂತಿತ್ತು. “ಮನ್ಯಾಗ ಹಚ್ಚಿ ಕೇಳ್ರಿ, ಮನಸಿಗೆ ಬರದಿದ್ರ ತಿರುಗಿ ತರ್ರಿ” ಎಂದು ಕೊಟ್ಟು ಕಳಿಸಿದರು, ಪುಣ್ಯಾತ್ಮರು. ನಮ್ಮ ಚಾಳಿನ ಪದ್ಧತಿ ಅವರಿಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಮಿಕ್ಸರ್ ಬರಲಿ, ಸೈಕಲ್ ಬರಲಿ, ಮಿಲ್ಲಿನ ಮಂದಿ ಬಂದು, ಮುಟ್ಟಿ, ತಿರುವಿ, ಚಹಾ ಕುಡಿದು, ಒಂದು ಐಬು ಹುಡುಕಿದ ಮೇಲೆಯೇ ಅದು ಆ ಮನೆಯದಾಗುವುದು.

ನಮ್ಮವರ ಜೊತೆ ಅದೇ ಮಿಷನ್ನಿನ ಮೇಲೆ ದುಡಿಯುವ ಗಾಂವಕರ ಅಣ್ಣ ಬಂದರು. ಪಕ್ಕದ ಮನೆಯವರು. ಇಬ್ಬರೂ ಮಠದ ಸ್ವಾಮಿಗಳಂತೆ ಪೆಟ್ಟಿಗೆಯ ಮುಂದೆ ಪದ್ಮಾಸನ ಹಾಕಿದರು. ಹೊಸ ಕ್ಯಾಸೆಟ್ಟು ಹಚ್ಚಿದೆವು.

“ಮೃದಂಗ ಭಾರಿ ಐತಿ, ಹೊಟ್ಟಿಗೆ ಗುದ್ದತೈತಿ” ಎಂದರು ನಮ್ಮವರು. “ಆದ್ರ ತಾಳ ಎಲ್ಲೈತೋ ಗಾಂವಕರ?”

“ಹೌದಲೇ ದೋಸ್ತ, ತಾಳನ ಇಲ್ಲ! ಮೋಸದ ಮಾಲ್ ಇದು.”

ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದ ನನಗೆ ತಾಳ ಸ್ಟೀಲಿನ ಡಬ್ಬಿಗಳಿಗೆ ತಾಗಿ ವಾಪಸು ಕೇಳಿಸುತ್ತಿತ್ತು. “ಬರಾಕತ್ತೈತೆಲ್ರೀ” ಎಂದೆ. ಯಾರೂ ತಿರುಗಿ ನೋಡಲಿಲ್ಲ. ಗಾಂವಕರ ಅಣ್ಣನ ಹೆಂಡತಿ ಕಾಶೀಬಾಯಿ ಹಿತ್ತಲ ಬಾಗಿಲಿಂದ ತಲೆ ಹಾಕಿ, “ವೈನಿ, ನಮ್ಮ ಮನೀತನಕ ಕೇಳಸ್ತೈತಿ. ಇವರೇನ ಹುಡಕಾಕತ್ಯಾರ?” ಎಂದಳು. ನಾವಿಬ್ಬರೂ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕೆವು. ಗಂಡಸರು ತಾಳವಿಲ್ಲ ಅಂದಮೇಲೆ, ನಮ್ಮ ಕಿವಿಗೆ ತಿಳಿಯದ ಯಾವುದೋ ಹೆಚ್ಚಿನ ತಾಳ ಅಲ್ಲಿ ಇಲ್ಲದಿರಬೇಕು ಎಂದುಕೊಂಡೆವು. ನಮಗೆ ಕಲಿಸಿದ್ದೇ ಹಾಗೆ.

ಸೆಟ್ಟು ಹಳಿಯಾಳಕ್ಕೆ ಹೋಯಿತು. ಅಂಥದೇ ಇನ್ನೊಂದು ಬಂತು. ಅದರಲ್ಲೂ ತಾಳವಿಲ್ಲವೆಂದು ಅದೂ ಹೋಯಿತು. ಕೊನೆಗೆ ಅಂಗಡಿಯವರೇ ಮತ್ತೊಂದನ್ನು ಬೈಕಿನ ಹಿಂದೆ ಕಟ್ಟಿಕೊಂಡು ಬಂದರು. ಹಚ್ಚಿ ಕೇಳಿದರು, ತಲೆದೂಗಿದರು, “ತಾಳ ಸರಿಯಾಗೇ ಐತೆಲ್ರೀ” ಎಂದರು.

“ಮೀಸಿ ಮೂಡೂಕಿಂತ ಮೊದಲಿಂದ ತಾಳ ಹಿಡದ ಕೈ ಇದು. ನನಗ ಹೇಳಾಕ ಬರಬ್ಯಾಡ್ರಿ” ಎಂದು ಇವರು ಅಂಗೈ ತೋರಿಸಿದರು.

ಅಂಗಡಿಯವರು ಕ್ಯಾಸೆಟ್ಟು ಬದಲಿಸಲು ಪೆಟ್ಟಿಗೆ ನಿಲ್ಲಿಸಿದ್ದರು. ನನಗೆ ಚೇಷ್ಟೆ ಹುಟ್ಟಿತು. ದೇವರ ಗೂಡಿನಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟಿದ್ದ ನಮ್ಮವರದೇ ತಾಳ ತೆಗೆದುಕೊಂಡು, “ಹಿಂಗ ಬರ್ತೈತಿ ನೋಡ್ರಿ” ಎನ್ನುತ್ತ ಅವರ ಬೆನ್ನ ಹಿಂದೆ ನಿಂತು ಮೆಲ್ಲಗೆ ಕಿಣ್ ಎನಿಸಿದೆ. ಅಂಗಡಿಯವರು ತಲೆಯೆತ್ತಿದರು. ಬಾಗಿಲಲ್ಲಿದ್ದ ಕಾಶೀಬಾಯಿ ನಕ್ಕಳು. ನಮ್ಮವರೂ ಗಾಂವಕರ ಅಣ್ಣನೂ ಪೆಟ್ಟಿಗೆಯನ್ನೇ ನೋಡುತ್ತ ಕುಳಿತಿದ್ದರು. ಮತ್ತೊಮ್ಮೆ ಬಾರಿಸಿದೆ. ಕಾಶೀಬಾಯಿಯ ನಗು ಅಲ್ಲೇ ನಿಂತಿತು.

ಆರತಿಗೆ ಎಷ್ಟು ಗಂಟೆ ಬಾರಿಸಿದರೂ ಎದ್ದು ಬಾರದ ಮನುಷ್ಯ ಎಂದು ನಾನು ವರ್ಷಗಟ್ಟಲೆ ಬೈದದ್ದು ಆಗ ನೆನಪಾಯಿತು. ಭಜನೆಯಲ್ಲಿ ಇತ್ತೀಚೆಗೆ ಮೃದಂಗದವನ ಕೈಯನ್ನೇ ದಿಟ್ಟಿಸುತ್ತಿದ್ದದ್ದೂ ನೆನಪಾಯಿತು.

ನಾನು ಅವರೆದುರಿಗೆ ಬಂದು ಕುಳಿತೆ. ಅವರು ನನ್ನ ಕೈ ನೋಡಿದರು. “ಬಾರಿಸಿದೇನು?”

ಹೌದೆಂದು ತಲೆ ಆಡಿಸಿದೆ.

“ಮತ್ತೊಮ್ಮೆ ಬಾರಿಸು” ಎಂದು ಕಣ್ಣು ಮುಚ್ಚಿದರು. ಬಾರಿಸಿದೆ. ಅವರು ಬಸ್ಸಿಗೆ ಕಾಯುವವರಂತೆ ಕುತ್ತಿಗೆ ಮುಂದೆ ಚಾಚಿ ಕಾದರು. ಸ್ವಲ್ಪ ಹೊತ್ತಿನ ಮೇಲೆ, “ಹ್ಞೂಂ, ಯಾಕ ತಡಾ, ಬಾರಿಸು” ಎಂದರು.

ಅಂಗಡಿಯವರು ಬಸಿಯಲ್ಲಿ ಆರಿದ ಚಹಾವನ್ನು ಊದುತ್ತಿದ್ದರು. ನಮ್ಮವರು ಕಣ್ಣು ತೆರೆದು, “ಸೆಟ್ ಚಲೋ ಐತ್ರಿ. ಇಟ್ಟು ಹೋಗ್ರಿ” ಎಂದರು.

ಹುಬ್ಬಳ್ಳಿಯ ಡಾಕ್ಟರು ಕಿವಿ ನೋಡಿ, ಗರಗಸದ ಕಿರುಚಾಟ ಸಣ್ಣ ಸ್ವರವನ್ನೆಲ್ಲ ಒಂದೊಂದಾಗಿ ತಿಂದುಹಾಕಿದೆ, ಅದು ತಿರುಗಿ ಬರುವಂಥದ್ದಲ್ಲ ಎಂದರು. ಗಾಂವಕರ ಅಣ್ಣ ಡಾಕ್ಟರ ಕಡೆಗೇ ಹೋಗಲಿಲ್ಲ. ಅವರ ಪ್ರಕಾರ ಈಗಲೂ ಅದು ಮೋಸದ ಮಾಲು. ಶನಿವಾರ ನಮ್ಮವರು ತಾಳವನ್ನು ಕೆಂಪು ಬಟ್ಟೆಯ ಸಮೇತ ಗುಡಿಗೆ ಕೊಟ್ಟು, ಪ್ರಸಾದದ ಪರಾತ ತಾವೇ ಕೇಳಿ ಇಸಿದುಕೊಂಡರಂತೆ.

ಪೆಟ್ಟಿಗೆ ಚೆನ್ನಾಗಿಯೇ ಹಾಡುತ್ತದೆ. ಅದರ ಬಗ್ಗೆ ನನ್ನ ತಕರಾರಿಲ್ಲ. ನನ್ನ ದುಃಖ ಬೇರೆ. ಇಷ್ಟು ವರ್ಷ ಆ ಒಲೆಯ ಮುಂದೆ ನಾನು ಆಡಿದ ಅಷ್ಟೂ ಮಾತು, ಅದರಲ್ಲಿ ಕೆಲವು ಬಹಳ ಚೆನ್ನಾಗಿದ್ದವು, ಎಲ್ಲ ಒಗ್ಗರಣೆಯ ಹೊಗೆಯ ಜೊತೆ ಹೋಗಿದೆ. ನನಗೆ ಸಿಕ್ಕಿದ್ದು ಸಂತನಲ್ಲ, ಗರಗಸ ತಿಂದು ಉಳಿಸಿದ ಮನುಷ್ಯ. ಈಗ ಎದುರಿಗೆ ನಿಂತು ಒದರಿ ಹೇಳೋಣವೆಂದರೆ ಒದರುವಷ್ಟು ಯೋಗ್ಯತೆಯ ಮಾತು ಒಂದೂ ಸಿಗುವುದಿಲ್ಲ. ತುಟಿ ಅಲುಗಿದ್ದು ಕಂಡು ಅವರು “ಏನಂದಿ?” ಎನ್ನುತ್ತಾರೆ. “ಏನಿಲ್ಲ” ಎನ್ನುತ್ತೇನೆ.

ಹೀಗಾಗಿ ಹೇಳುವುದನ್ನೆಲ್ಲ ದೇವರಿಗೇ ಹೇಳಿಕೊಳ್ಳುತ್ತೇನೆ, ಮೊದಲಿನಂತೆಯೇ, ಗೊಣಗುವ ದನಿಯಲ್ಲಿ. ಮೊನ್ನೆ ಹೂವು ಏರಿಸುವಾಗ ಹೊಳೆಯಿತು: ಇಷ್ಟು ವರ್ಷದಲ್ಲಿ ಅವನೂ ಒಮ್ಮೆಯೂ ನನಗೆ ಎದುರು ಮಾತಾಡಿದವನಲ್ಲ. ಅವತ್ತಿನಿಂದ ಗಂಟೆಯನ್ನು ಸ್ವಲ್ಪ ಜೋರಾಗಿಯೇ ಬಾರಿಸುತ್ತಿದ್ದೇನೆ.