ಹುಳುವಿನ ಮನೆಗೆ ಯಮ ಬರುವಂತಿಲ್ಲ

ಯಮಧರ್ಮರಾಯನಿಗೇ ‘ಒಳಗೆ ಬರಬೇಡ’ ಎಂದು ಬಾಗಿಲು ತೋರಿಸಿದ ಗಂಡಸು ಆಗಿನ ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಒಬ್ಬರೇ ಇದ್ದರು. ನಮ್ಮ ತಾತ! ಎಪ್ಪತ್ತು ದಾಟಿದ್ದರೂ ಓಡುವ ಎತ್ತನ್ನು ಕೊಂಬು ಹಿಡಿದು ನಿಲ್ಲಿಸುತ್ತಿದ್ದ ಆಸಾಮಿ. ಆದರೆ ಯಾರಾದರೂ ‘ಹೋಗಿಬಿಟ್ಟರಂತೆ’ ಅಂದರೆ ಸಾಕು, ಹೋದವರು ಸಂತೆಗೇ ಹೋಗಿದ್ದರೂ ಇವರ ಕೈಕಾಲು ತಣ್ಣಗಾಗುತ್ತಿದ್ದವು.

ನಮ್ಮ ಕಡೆ ರೇಷ್ಮೆಹುಳು ಸಾಕುವ ಮನೆಯೊಳಗೆ ಸಾವಿನ ಮನೆಗೆ ಹೋಗಿಬಂದವರು ಕಾಲಿಡುವಂತಿಲ್ಲ. ಇಟ್ಟರೆ ಹುಳುವಿಗೆ ರೋಗ ಬರುತ್ತದಂತೆ. ಇಷ್ಟನ್ನೇ ಹಿಡಿದುಕೊಂಡು ತಾತ ಎಂಥ ಕೋಟೆ ಕಟ್ಟಿದ್ದರು ಗೊತ್ತೇ?

“ಯಮ ಒಂದು ಸಾವಿನ ಮನೆಯಿಂದ ಇನ್ನೊಂದಕ್ಕೆ ಓಡಾಡೋನು. ನಡುವೆ ಸ್ನಾನ ಮಾಡೋಕೆ ಅವನಿಗೆಲ್ಲಿ ಪುರುಸೊತ್ತು? ಮೈಲಿಗೆ ಮೈ! ಹುಳದ್ ಮನೆಗೆ ಹೆಂಗ್ ಬಂದಾನು?”

ಹೇಗೆ ಬಂದಾನು, ನೀವೇ ಹೇಳಿ! ಹಾಗಾಗಿ ತಾತನ ಮಂಚ ಹುಳುವಿನ ತಟ್ಟೆಗಳ ಮಧ್ಯೆ. ಸೊಪ್ಪು ಮೇಯುವ ಸರಸರ ಸದ್ದು ಕಿವಿಗೆ ಬಿದ್ದರೆ ಮಾತ್ರ ಅವರಿಗೆ ನಿದ್ದೆ.

ಕಷ್ಟ ಬರುತ್ತಿದ್ದುದು ಹುಳು ಕಟ್ಟಿದ ರೇಷ್ಮೆಗೂಡು ಮಾರಿದ ಮೇಲೆ. ತಟ್ಟೆ ತೊಳೆದು, ಸುಣ್ಣ ಬಳಿದು, ಮುಂದಿನ ಮೊಟ್ಟೆ ತರುವ ತನಕ ಮನೆಯಲ್ಲಿ ಒಂದು ಹುಳುವೂ ಇರುತ್ತಿರಲಿಲ್ಲವಲ್ಲ! ತಾತ ಅವತ್ತೇ ಚೀಲ ಹೆಗಲಿಗೇರಿಸಿ ಸಾದಲಿಯ ಬೀಗರ ಮನೆಗೆ ಹೊರಡುತ್ತಿದ್ದರು. ಅಲ್ಲಿ ಹುಳು ಎರಡನೇ ಜ್ವರದಲ್ಲಿವೆ ಎಂದು ಮೊದಲೇ ವಿಚಾರಿಸಿಕೊಂಡಿರುತ್ತಿದ್ದರು. (ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ, ನೀವು ಗಾಬರಿಯಾಗಬೇಡಿ!)

“ನೀವಲ್ಲಿ ಬಚ್ಚಿಟ್ಕೊಂಡ್ರೆ, ಯಮ ಇಲ್ಲಿಗೆ ಬಂದು ನನ್ನ ಎಳ್ಕೊಂಡ್ ಹೋದ್ರೆ?” ಅಜ್ಜಿ ಕೇಳುತ್ತಿದ್ದರು.

“ನಿನ್ನ ಎಳ್ಕೊಂಡ್ ಹೋಗಿ ಅವನು ಬದುಕ್ತಾನೇನೇ?”

ಒಮ್ಮೆ ವಿಮೆ ಏಜೆಂಟೊಬ್ಬ ಬಂದ. “ಯಜಮಾನ್ರೇ, ನಾಳೆ ನಿಮಗೇನಾದ್ರೂ ಹೆಚ್ಚುಕಮ್ಮಿ ಆದ್ರೆ...” ತಾತ ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ. ಅವನನ್ನು ಬಾವಿಯ ಹತ್ತಿರ ನಿಲ್ಲಿಸಿ, ತಲೆಯ ಮೇಲೆ ಎರಡು ಕೊಡ ನೀರು ಸುರಿದೇಬಿಟ್ಟರು. ಪಾಪ, ಪ್ಯಾಂಟು ಒಣಗುವವರೆಗೆ ತಾತನದೇ ಪಂಚೆ ಉಟ್ಟುಕೊಂಡು ನಮ್ಮ ಜಗಲಿಯಲ್ಲಿ ಮುದ್ದೆ ಉಂಡ!

ಹೀಗಿರುವಾಗ ಮೇಲೂರಿನಿಂದ ಸುದ್ದಿ ಬಂತು. ತಾತನನ್ನು ಎತ್ತಿ ಆಡಿಸಿದ್ದ ಒಬ್ಬರೇ ಅಕ್ಕ ಹಾಸಿಗೆ ಹಿಡಿದಿದ್ದಾರೆ, ಇವತ್ತೋ ನಾಳೆಯೋ ಅನ್ನುವಂತಿದ್ದಾರೆ. ನಮ್ಮ ಮನೆಯಲ್ಲಿ ಆಗತಾನೇ ನಾಲ್ಕನೇ ಜ್ವರ ಮುಗಿಸಿ ಎದ್ದ ಹುಳು, ಇನ್ನೊಂದು ವಾರಕ್ಕೆ ಗೂಡು ಕಟ್ಟುವಂಥವು. ತಾತ ಹೋಗುವುದಿಲ್ಲ ಎಂದೇ ನಾವೆಲ್ಲ ಅಂದುಕೊಂಡೆವು. ಅವರು ತಟ್ಟೆಗಳನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟೇಹೋದರು.

ನಾಲ್ಕನೇ ದಿನ ವಾಪಸು ಬಂದರು. ಅಕ್ಕ ತೀರಿಕೊಂಡಿದ್ದರು. ಬಾವಿಯ ಹತ್ತಿರ ಸ್ನಾನವಾದರೂ ತಾತ ಒಳಗೆ ಬರಲಿಲ್ಲ, ದನದ ಕೊಟ್ಟಿಗೆಯಲ್ಲೇ ಕೂತರು. ತಮ್ಮದೇ ಕಾನೂನಲ್ಲವೇ! ನಾನು ಮುದ್ದೆ, ಸಾರು ತೆಗೆದುಕೊಂಡು ಹೋದೆ. ಹತ್ತು ವರ್ಷದವಳ ಬಾಯಿ, ಸುಮ್ಮನಿರಬೇಕಲ್ಲ?

“ತಾತ, ಯಮ ಬಂದಿದ್ನಾ? ಹೆಂಗಿದ್ದ?”

“ಬಂದಿರ್ಬೇಕು ಕಣಮ್ಮ. ನಾನು ನೋಡ್ಲಿಲ್ಲ,” ಎಂದರು ತಾತ. “ಅಕ್ಕ ತುಂಬಾ ಹೆದ್ರಿದ್ಲು. ಕೈ ಹಿಡ್ಕೊಂಡು ಅವಳ ಮುಖಾನೇ ನೋಡ್ತಾ ಕೂತಿದ್ದೆ.”